ಇಳಿಯದ ಮುಳ್ಳು, ಒಡೆದ ಪೈಪು

ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಪೆಟ್ರೋಲ್ ಎಂಜಿನ್ ತುಸು ಜೋರಾಗಿ ಓಡುವುದು ರೋಗವಲ್ಲ. ತಣ್ಣಗಿರುವ ಎಂಜಿನ್ ಬೇಗ ಬಿಸಿಯಾಗಲೆಂದು ಅದರ ಕಂಪ್ಯೂಟರೇ ವೇಗವನ್ನು 1,200–1,500 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ತನಕ ಏರಿಸಿಡುತ್ತದೆ. ಬಿಸಿಯಾಗುತ್ತ ಬಂದಂತೆ ಆರ್‌ಪಿಎಂ ಮೀಟರಿನ ಮುಳ್ಳು 800ರ ಆಸುಪಾಸಿಗೆ ಇಳಿಯಬೇಕು. ನಮ್ಮ ಮನೆಯ 2014ರ ಚಿಕ್ಕ ಕಾರಿನಲ್ಲಿ ಮುಳ್ಳು ಇಳಿಯುವುದನ್ನೇ ಬಿಟ್ಟಿತ್ತು. ಶಿರಸಿ ಪೇಟೆಯಲ್ಲಿ ನಿಂತಲ್ಲೇ ನಿಂತಾಗಲೂ 1,600. ಪೆಟ್ರೋಲ್ ವ್ಯರ್ಥವಾಗುವುದು ಒಂದು ಕಡೆಗಾದರೆ, ನನ್ನನ್ನು ಹೆದರಿಸಿದ್ದು ದೇವಿಮನೆ ಘಟ್ಟ. ಕುಮಟೆಗೆ ಇಳಿಯುವ ಆ ತಿರುವುಗಳಲ್ಲಿ ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ನೇ ಕಾರನ್ನು ಹಿಡಿದಿಡಬೇಕು. ನಮ್ಮ ಕಾರು ಹಿಡಿಯುವ ಬದಲು ಮುಂದಕ್ಕೆ ನೂಕುತ್ತಿತ್ತು. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಘಟ್ಟ ಇಳಿಯುವುದು ಒಳ್ಳೆಯದಲ್ಲ.

ಗ್ಯಾರೇಜಿನವರು ಬಾನೆಟ್ ಎತ್ತಿ ನೋಡಿ, "ಅಕ್ಕ, ಸ್ಕ್ರೂ ಸ್ವಲ್ಪ ತಿರುಗಿಸಿದರೆ ಸರಿಹೋಗುತ್ತದೆ. ಆಗದಿದ್ದರೆ ಐಡ್ಲಿಂಗ್ ವಾಲ್ವ್ ಬದಲಿಸೋಣ" ಎಂದರು. ಕೆಲಸ ಬಲ್ಲವರೇ. ಆದರೆ ಆ ಮಾತು ಕಾರ್ಬುರೇಟರ್ ಕಾಲದ್ದು. ಆಗ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದಿರುವಾಗಿನ ಎಂಜಿನ್ ವೇಗ, ಹೊಂದಿಸಲು ಇದ್ದದ್ದೇ ಆ ಸ್ಕ್ರೂ. ಈಗ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿರುವ ಸ್ಕ್ರೂ ಗಾಳಿಯ ತಟ್ಟೆ ಪೂರ್ತಿ ಮುಚ್ಚಿ ಗೋಡೆಗೆ ಕಚ್ಚಿಕೊಳ್ಳದಂತೆ ತಡೆಯಲು ಇರುವಂಥದ್ದು. ಕಂಪನಿಯಲ್ಲೇ ಅಳತೆಗೆ ಕೂರಿಸಿ ಬಣ್ಣದ ಗುರುತು ಹಾಕಿರುತ್ತಾರೆ. ಅದನ್ನು ತಿರುಗಿಸಿದರೆ, ಕಾಲು ತೆಗೆದಾಗ ತಟ್ಟೆ ಎಲ್ಲಿರುತ್ತದೆ ಎಂಬ ಸೆನ್ಸರಿನ ಲೆಕ್ಕವೂ ಕೆಡಬಹುದು. ಕಾರಣ ತಿಳಿಯುವವರೆಗೆ ಯಾವುದನ್ನೂ ಮುಟ್ಟುವುದು ಬೇಡ ಎಂದು ಹೇಳಿ ಕಾರನ್ನು ಮನೆಗೆ ತಂದೆ.

ಪೆಟ್ರೋಲ್ ಎಂಜಿನ್ನಿನ ವೇಗವನ್ನು ನಿರ್ಧರಿಸುವುದು ಗಾಳಿ. ಒಳಗೆ ಹೋದಷ್ಟು ಗಾಳಿಗೆ ತಕ್ಕ ಪೆಟ್ರೋಲನ್ನು ಕಂಪ್ಯೂಟರ್ ಕೊಡುತ್ತದೆ. ಹಾಗಾಗಿ ಐಡ್ಲಿಂಗ್ ಏರಿದೆ ಎಂದರೆ ಗಾಳಿ ಹೆಚ್ಚು ಹೋಗುತ್ತಿದೆ ಎಂದೇ. ಅದು ಹೋಗಲು ದಾರಿ ಮೂರು: ತಟ್ಟೆ ಸರಿಯಾಗಿ ಮುಚ್ಚದಿರುವುದು, ತಟ್ಟೆಯನ್ನು ಬಳಸಿ ಗಾಳಿ ಬಿಡುವ ಐಡ್ಲಿಂಗ್ ವಾಲ್ವ್ ತೆರೆದೇ ಇರುವುದು, ಇಲ್ಲವೇ ಇವೆರಡನ್ನೂ ದಾಟಿದ ಮೇಲೆ, ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಮ್ಯಾನಿಫೋಲ್ಡಿನ ಹತ್ತಿರ ಎಲ್ಲೋ ತೂತಾಗಿರುವುದು. ತೋಟದ ಪಂಪಿನ ಸಕ್ಷನ್ ಪೈಪಿನಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಅದು ಗಾಳಿ ಎಳೆಯುವುದನ್ನು ಕಂಡವರಿಗೆ ಮೂರನೆಯದನ್ನು ವಿವರಿಸಬೇಕಿಲ್ಲ.

ಆಕ್ಸಿಲರೇಟರ್ ಕೇಬಲನ್ನು ಬೆರಳಿನಿಂದ ಅಲ್ಲಾಡಿಸಿದೆ, ಬೇಕಾದಷ್ಟು ಸಡಿಲವಿತ್ತು. ತಟ್ಟೆಯ ಅಂಚಿನಲ್ಲಿ ಮಸಿ ಇತ್ತಾದರೂ ತಟ್ಟೆ ಮುಚ್ಚುವುದಕ್ಕೆ ಅದು ಅಡ್ಡಿಯಾಗುವಂತಿರಲಿಲ್ಲ.

ಸಂಜೆ ಅಣ್ಣನ ಮಗ ಬಂದ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸುವ ಬ್ಲೂಟೂತ್ ಸ್ಕ್ಯಾನರ್ ಅವನ ಬಳಿ ಇತ್ತು. 2013ರ ಏಪ್ರಿಲ್‌ನಿಂದ ನಮ್ಮಲ್ಲಿ ಹೊಸ ಕಾರುಗಳಿಗೆ ಒಬಿಡಿ-2, ಅಂದರೆ ಕಾರು ತನ್ನ ದೋಷವನ್ನು ತಾನೇ ಗುರುತಿಸಿ ಕೋಡ್‌ನಲ್ಲಿ ಹೇಳುವ ವ್ಯವಸ್ಥೆ, ಕಡ್ಡಾಯವಾದದ್ದರಿಂದ ನಮ್ಮ ಕಾರಿನಲ್ಲೂ ಆ ಸೌಲಭ್ಯವಿದೆ. ಬಂದ ಕೋಡ್ ಪಿ0507, ಅಂದರೆ ಐಡ್ಲಿಂಗ್ ನಿರೀಕ್ಷೆಗಿಂತ ಹೆಚ್ಚಿದೆ. ಮುಳ್ಳು ನೋಡಿ ನಮಗೂ ಗೊತ್ತಿದ್ದದ್ದೇ. ಕೋಡಿಗಿಂತ ಉಳಿದ ಅಂಕಿಗಳೇ ಹೆಚ್ಚು ಮಾತಾಡಿದವು. ಎಂಜಿನ್ ತಣಿಸುವ ದ್ರವ, ಕೂಲೆಂಟ್, 88 ಡಿಗ್ರಿ ಇತ್ತು. ಎಂಜಿನ್ ಇನ್ನೂ ತಣ್ಣಗಿದೆ ಎಂದು ಕಂಪ್ಯೂಟರ್ ಭ್ರಮಿಸಿರಲಿಲ್ಲ. ಎಂಜಿನ್ ಆರಿಸಿ ಕೀಲಿ ಮಾತ್ರ ತಿರುಗಿಸಿದಾಗ ಮ್ಯಾನಿಫೋಲ್ಡ್ ಒತ್ತಡ 94 ಕಿಲೋಪಾಸ್ಕಲ್ ತೋರಿಸಿತು. ಸಮುದ್ರಮಟ್ಟದಲ್ಲಿ ಅದು 101ರ ಹತ್ತಿರ ಇರುತ್ತದೆ. ಶಿರಸಿಯ ಎತ್ತರಕ್ಕೆ 94 ಸರಿಯಾದ ಲೆಕ್ಕ. ಆ ಸೆನ್ಸರಿನ ಮಾತನ್ನೂ ನಂಬಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಐಡ್ಲಿಂಗ್ ವಾಲ್ವಿನ ಅಂಕಿ ಸೊನ್ನೆ. ವೇಗ ಇಳಿಸಲು ಕಂಪ್ಯೂಟರ್ ಆ ವಾಲ್ವನ್ನು ಪೂರ್ತಿ ಮುಚ್ಚಲು ಹೇಳಿ ಸುಸ್ತಾಗಿತ್ತು.

"ಹಾಗಾದರೆ ವಾಲ್ವ್ ಸರಿಯಿದೆ ಅಲ್ಲವಾ ಅತ್ತೆ?" ಎಂದ. ಅಷ್ಟರಿಂದಲೇ ಹಾಗೆ ಹೇಳಲಾಗದು. ಮುಚ್ಚು ಎಂಬ ಆಜ್ಞೆ ಹೋಗಿದೆ, ನಿಜ. ಮಸಿ ಹಿಡಿದ ವಾಲ್ವ್ ಆಜ್ಞೆ ಪಾಲಿಸದೆ ತೆರೆದೇ ಕುಳಿತಿರಬಹುದು. ಇದನ್ನು ತೀರ್ಮಾನಿಸಲು ಒಂದು ಹಳೆಯ ಪರೀಕ್ಷೆಯಿದೆ. ನನಗೆ ಬಹಳ ಇಷ್ಟವಾದದ್ದು. ಥ್ರಾಟಲ್ ಬಾಡಿಗೆ ಗಾಳಿ ತರುವ ದೊಡ್ಡ ಕೊಳವೆಯನ್ನು ಕಳಚಿ, ಓಡುತ್ತಿರುವ ಎಂಜಿನ್ನಿನ ಆ ಬಾಯಿಯನ್ನು ಮುಚ್ಚುವುದು. ಅಂಗೈ ಒಡ್ಡುವವರಿದ್ದಾರೆ, ನಾನು ಹಲಗೆಯೊಂದಕ್ಕೆ ಹಳೆಯ ಟ್ಯೂಬಿನ ರಬ್ಬರ್ ಹೊದಿಸಿ ಒತ್ತಿ ಹಿಡಿದೆ. ನಮ್ಮ ಎಂಜಿನ್ನಿನಲ್ಲಿ ತಟ್ಟೆಗೂ ಐಡ್ಲಿಂಗ್ ವಾಲ್ವಿಗೂ ಗಾಳಿ ಹೋಗುವುದು ಆ ಒಂದೇ ಬಾಯಿಂದ. ತಪ್ಪು ಅವೆರಡರಲ್ಲಿ ಯಾವುದರದ್ದಾದರೂ ಬಾಯಿ ಮುಚ್ಚಿದೊಡನೆ ಉಸಿರು ಕಟ್ಟಿ ಎಂಜಿನ್ ನಿಲ್ಲಬೇಕು.

ನಿಲ್ಲಲಿಲ್ಲ. ತುಸು ತಗ್ಗಿ, ಹಾಗೆಯೇ ಓಡುತ್ತಿತ್ತು. ಬದಲಿಸೋಣ ಎಂದಿದ್ದ ದುಬಾರಿ ವಾಲ್ವ್ ಆ ಕ್ಷಣಕ್ಕೆ ನಿರ್ದೋಷಿಯಾಯಿತು.

ಉಳಿದದ್ದು ಮ್ಯಾನಿಫೋಲ್ಡಿಗೆ ಸೇರುವ ರಬ್ಬರ್ ಪೈಪುಗಳು. ಮೊದಲು, ಮ್ಯಾನಿಫೋಲ್ಡಿನ ಎಳೆತವನ್ನು ಬಳಸಿ ಬ್ರೇಕಿಗೆ ಬಲ ಕೊಡುವ ಬ್ರೇಕ್ ಬೂಸ್ಟರಿನದು, ಏಕೆಂದರೆ ಅಲ್ಲಿ ಸೋರಿಕೆಯಿದ್ದರೆ ಐಡ್ಲಿಂಗ್ ಜೊತೆಗೆ ಬ್ರೇಕಿನ ಬಲವೂ ಕುಂದುತ್ತದೆ. ಹುಡುಗ ಒಳಗೆ ಕುಳಿತು ಪೆಡಲ್ ಒತ್ತಿದ, ಮುಳ್ಳು ಅಲುಗಲಿಲ್ಲ. ಪೈಪಿಗೆ ಬಟ್ಟೆ ಸುತ್ತಿ ಇಕ್ಕಳದಿಂದ ಹಿಸುಕಿದೆ, ಆಗಲೂ ಇಲ್ಲ. ಆಮೇಲೆ ಎಂಜಿನ್ನಿನ ಹೊಟ್ಟೆಯ ಆವಿಯನ್ನು ಮ್ಯಾನಿಫೋಲ್ಡಿಗೆ ಒಯ್ಯುವ ಪಿಸಿವಿ ಪೈಪು. ಮ್ಯಾನಿಫೋಲ್ಡಿನ ಕಡೆಯ ತುದಿಯಲ್ಲಿ ಹಿಸುಕಿದೊಡನೆ ಸದ್ದು ಇಳಿಯಿತು. "ಎಂಟುನೂರೈವತ್ತು!" ಎಂದು ಹುಡುಗ ಒಳಗಿನಿಂದ ಕೂಗಿದ. ಬಿಟ್ಟರೆ ಮತ್ತೆ 1,600. ಎಷ್ಟು ಸಲ ಹಿಸುಕಿದರೂ ಅದೇ ಉತ್ತರ. ಆ ಸಂತೋಷ ಅನುಭವಿಸಿದವರಿಗೇ ಗೊತ್ತು.

ಎಂಜಿನ್ ಆರಿಸಿ, ಟಾರ್ಚ್ ಹಿಡಿದು, ಚಿಕ್ಕ ಕನ್ನಡಿಯನ್ನು ಪೈಪಿನ ಅಡಿಗೆ ತೂರಿಸಿ ನೋಡಿದೆವು. ಮೇಲಿನಿಂದ ಪೈಪು ಚೆನ್ನಾಗಿಯೇ ಕಾಣುತ್ತಿತ್ತು. ಅಡಿಯಲ್ಲಿ, ಪಿಸಿವಿ ವಾಲ್ವಿನ ಪಕ್ಕದ ಬಾಗುವಿನಲ್ಲಿ ಉಗುರಿನಷ್ಟುದ್ದ ಸೀಳು. ವರ್ಷಗಟ್ಟಲೆ ಎಣ್ಣೆಯ ಆವಿ ಕುಡಿದು ರಬ್ಬರ್ ಉಬ್ಬಿ ಮೆತ್ತಗಾಗಿತ್ತು. ಒಳಬರುತ್ತಿದ್ದ ಗಾಳಿ ಒತ್ತಡದ ಸೆನ್ಸರಿನ ಲೆಕ್ಕಕ್ಕೆ ಸಿಗುತ್ತಿದ್ದುದರಿಂದ ಕಂಪ್ಯೂಟರ್ ಅದಕ್ಕೂ ತಕ್ಕಷ್ಟು ಪೆಟ್ರೋಲ್ ಸುರಿಯುತ್ತಿತ್ತು. ಎಂಜಿನ್ ತಡವರಿಸದೆ ನಯವಾಗಿ ಜೋರಾಗಿ ಓಡುತ್ತಿದ್ದದ್ದು ಇದರಿಂದ. ಗಾಳಿಯನ್ನು ಬಾಯಲ್ಲೇ ಅಳೆಯುವ ಮೀಟರ್ ಇರುವ ಕಾರುಗಳಲ್ಲಾದರೆ ಇದೇ ಸೀಳಿಗೆ ಪೆಟ್ರೋಲ್ ಸಾಲದೆ ಎಂಜಿನ್ ನಡುಗುತ್ತದೆ.

ಸೀಳು ಹುಡುಕಲು, ಬೇಗ ಹೊತ್ತಿಕೊಳ್ಳುವ ಕಾರ್ಬ್ ಕ್ಲೀನರ್ ಸಿಂಪಡಿಸುವ ರೂಢಿಯೂ ಇದೆ. ಬಿಸಿ ಹೊಗೆಕೊಳವೆ ಪಕ್ಕದಲ್ಲೇ ಇರುವಾಗ ಅದು ಬೆಂಕಿಯೊಡನೆ ಆಟ, ದಯವಿಟ್ಟು ಮಾಡಬೇಡಿ. ಸೆರಗು, ದುಪಟ್ಟಾ, ಸಡಿಲ ತೋಳು ಬೆಲ್ಟಿನ ಹತ್ತಿರ ಸುಳಿಯಬಾರದು. ಎಂಜಿನ್ ಆರಿಸಿದ ಮೇಲೂ ಕೆಲವು ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದು.

ಊರಿನ ಅಂಗಡಿಯಲ್ಲಿ ಸಾಮಾನ್ಯ ನೀರಿನ ಹೋಸ್ ಕೊಡಲು ಬಂದರು. ಅದು ಎಣ್ಣೆಗೆ ಬಾಳುವುದಿಲ್ಲ, ನೇರ ಪೈಪನ್ನು ಆ ಬಾಗುವಿಗೆ ಬಗ್ಗಿಸಿದರೆ ಮಡಚಿಕೊಳ್ಳುತ್ತದೆ. ಬಾಗು ಸಮೇತ ಬರುವ ಅಸಲಿ ಪೈಪನ್ನು ಹುಬ್ಬಳ್ಳಿಯಿಂದ ಬಸ್ಸಿನ ಪಾರ್ಸೆಲ್‌ನಲ್ಲಿ ತರಿಸಿದೆ. ಅದೇ ಗ್ಯಾರೇಜಿನವರು ಹೊಸ ಕ್ಲಾಂಪ್ ಸಮೇತ ಕೂರಿಸಿದರು, ಹಲಗೆಯ ಪರೀಕ್ಷೆಯನ್ನು ತಾವೂ ಮಾಡಿ ನೋಡಿದರು. ಈ ಸಲ ಬಾಯಿ ಮುಚ್ಚಿದೊಡನೆ ಎಂಜಿನ್ ನಿಂತಿತು. ಕೋಡ್ ಅಳಿಸಿ ಬಿಸಿ ಮಾಡಿದಾಗ ಮುಳ್ಳು 800ಕ್ಕೆ ಬಂದು ಕುಳಿತಿತು. ಬ್ರೇಕ್ ಬೂಸ್ಟರಿನ ಪೈಪಿಗೂ ಅಷ್ಟೇ ವಯಸ್ಸು. ಅದು ಸೋರುತ್ತಿಲ್ಲದಿದ್ದರೂ ತುದಿ ಗಟ್ಟಿಯಾಗಿ ಬಿರುಕಿನ ಗೆರೆ ಮೂಡಿತ್ತು, ಘಟ್ಟದ ಓಡಾಟ ಬೇರೆ. ಅದನ್ನೂ ಬದಲಿಸಲು ಹೇಳಿ ಬಂದಿದ್ದೇನೆ.