ಇಲಿಸ್ಸೋಸ್ ಹೊಳೆಯ ದಂಡೆಯಲ್ಲಿ

ಅಥೆನ್ಸಿಗೆ ಹೋದವರೆಲ್ಲ ಮೊದಲು ಅಕ್ರೊಪೊಲಿಸ್ ಹತ್ತುತ್ತಾರೆ. ನಾವೂ ಹತ್ತಿದೆವು, ಬಿಸಿಲಿಗೆ ಬೆಂದೆವು, ಫೋಟೊ ತೆಗೆದೆವು. ನನ್ನ ಮನಸ್ಸು ಮಾತ್ರ ಕೆಳಗೆ ಎಲ್ಲೋ ಹರಿಯಬೇಕಾಗಿದ್ದ ಇಲಿಸ್ಸೋಸ್ ಹೊಳೆಯ ಮೇಲಿತ್ತು. ಪ್ಲೇಟೋನ 'ಫೀಡ್ರಸ್' ಸಂವಾದ ನಡೆಯುವುದು ಅದರ ದಂಡೆಯಲ್ಲಿ.

ಹೊಳೆಯ ಬಹುಭಾಗ ಈಗ ರಸ್ತೆಗಳ ಅಡಿಯಲ್ಲಿದೆ. ಒಲಿಂಪಿಯನ್ ಜೀಯಸ್ ದೇವಾಲಯದಲ್ಲಿ ಇನ್ನೂ ನೆಟ್ಟಗೆ ನಿಂತಿರುವ 15 ಕಂಬಗಳನ್ನು ದಾಟಿ ಅಯಿಯಾ ಫೊತಿನಿ ಎಂಬ ಪುಟ್ಟ ಚರ್ಚಿನತ್ತ ಇಳಿದರೆ, ಹಳೆಯ ಪಾತ್ರದ ತುಣುಕೊಂದು ಸಿಗುತ್ತದೆ. ಬಂಡೆ, ಪೊದೆ, ಪಕ್ಕದಲ್ಲೇ ವಾಹನಗಳ ಗದ್ದಲ. ಇಷ್ಟಕ್ಕಾಗಿ ಇಷ್ಟು ದೂರ ಬಂದೆಯಾ ಎಂದು ಜೊತೆಗಿದ್ದವರು ಕೇಳಿದರು.

ಪ್ಲೇಟೋ ಬರೆದಾಗ ಹೀಗಿರಲಿಲ್ಲ. ಬೇಸಗೆಯ ನಡುಹಗಲು, ಎಂದಿನಂತೆ ಬರಿಗಾಲಿನ ಸಾಕ್ರಟೀಸ್ ತಣ್ಣನೆಯ ನೀರಿಗೆ ಕಾಲಿಳಿಸುತ್ತಾನೆ. ಮೇಲೆ ಚಿನಾರ್ ಜಾತಿಯ ದೊಡ್ಡ ಮರ, ಬಳಿಯಲ್ಲಿ ನಮ್ಮ ಲಕ್ಕಿ ಗಿಡದ ಬಳಗದ್ದೇ ಒಂದು ಪೊದೆ ಹೂಬಿಟ್ಟು ಘಮಘಮಿಸುತ್ತಿದೆ, ಜೀರುಂಡೆಗಳು ಎಡೆಬಿಡದೆ ಹಾಡುತ್ತಿವೆ. ಮರಗಿಡಗಳಿಂದ ತಾನು ಏನೂ ಕಲಿಯಲಾರೆ, ಕಲಿಸುವವರು ಊರೊಳಗಿನ ಮನುಷ್ಯರು ಎಂದು ಅವನು ಹೇಳುತ್ತಾನೆ. ಹಾಗೆಂದವನೇ ತಲೆಯಿಟ್ಟು ಮಲಗಲು ಹೇಳಿ ಮಾಡಿಸಿದಂತಿರುವ ಹುಲ್ಲಿನ ಇಳಿಜಾರನ್ನೂ ಬಿಡದೆ ಹೊಗಳುತ್ತಾನೆ!

ಅಲ್ಲಿಂದಲೇ ಮಾತು ಪ್ರೇಮದ ಹುಚ್ಚಿಗೆ ತಿರುಗುತ್ತದೆ. ಹುಟ್ಟುವ ಮುನ್ನ ರೆಕ್ಕೆಯಿದ್ದ ಆತ್ಮ ನಿಜವಾದ ನ್ಯಾಯ, ಸಂಯಮ, ಸೌಂದರ್ಯಗಳನ್ನು ಕಂಡಿತ್ತು, ಆಮೇಲೆ ರೆಕ್ಕೆ ಉದುರಿ ಭೂಮಿಗೆ ಬಿತ್ತು ಎನ್ನುತ್ತಾನೆ ಸಾಕ್ರಟೀಸ್. ನ್ಯಾಯ, ಸಂಯಮಗಳ ಪ್ರತಿಬಿಂಬಗಳಿಗೆ ಈ ಲೋಕದಲ್ಲಿ ಹೊಳಪಿಲ್ಲ. ಕಣ್ಣಿಗೆ ನಿಚ್ಚಳವಾಗಿ ಕಾಣುವ ಭಾಗ್ಯ ಸೌಂದರ್ಯಕ್ಕೆ ಮಾತ್ರ. ಹಾಗಾಗಿ ಚೆಲುವಾದ ಮುಖವೊಂದನ್ನು ಕಂಡಾಗ ಆತ್ಮಕ್ಕೆ ತಾನು ಹಿಂದೆ ಕಂಡದ್ದೆಲ್ಲ ನೆನಪಾಗುತ್ತದೆ, ಉದುರಿದ್ದ ರೆಕ್ಕೆಗಳು ಮತ್ತೆ ಚಿಗುರತೊಡಗುತ್ತವೆ. ಹಲ್ಲು ಬರುವ ಮಗುವಿನ ವಸಡಿನಂತೆ ನವೆ, ನೋವು ಎರಡೂ. ತತ್ತ್ವಜ್ಞಾನದ ಪುಸ್ತಕದಲ್ಲಿ ವಸಡಿನ ಮಾತು ಬರುವುದೆಂದರೆ ನನಗೆ ಬಹಳ ಇಷ್ಟ.

ಪ್ಲೇಟೋನದೇ ಇನ್ನೊಂದು ಸಂವಾದ 'ಸಿಂಪೋಸಿಯಂ' ಹೆಚ್ಚು ಪ್ರಸಿದ್ಧ. ಕವಿ ಅಗಥಾನ್‌ನ ನಾಟಕ ಕ್ರಿ.ಪೂ. 416ರಲ್ಲಿ ಗೆದ್ದ ಸಂತೋಷಕೂಟದಲ್ಲಿ, ಡಿಯೋಟಿಮಾ ಎಂಬ ಹೆಂಗಸು ತನಗೆ ಕಲಿಸಿದ ಏಣಿಯನ್ನು ಸಾಕ್ರಟೀಸ್ ವಿವರಿಸುತ್ತಾನೆ: ಒಂದು ದೇಹದ ಚೆಲುವಿನಿಂದ ಎಲ್ಲ ದೇಹಗಳಿಗೆ, ಆತ್ಮಗಳಿಗೆ, ಕಾನೂನುಗಳಿಗೆ, ವಿದ್ಯೆಗಳಿಗೆ, ಕಡೆಗೆ ಸೌಂದರ್ಯವೆಂಬುದಕ್ಕೇ. ಭವ್ಯವಾದದ್ದೇ. ಆದರೆ ಮೊದಲು ಪ್ರೀತಿಸಿದವರು ಬರೀ ಮೆಟ್ಟಿಲಾಗಿ ಕೆಳಗೆ ಉಳಿದುಬಿಟ್ಟರಲ್ಲ ಎಂಬ ಕಸಿವಿಸಿ ನನಗೆ ಹೋಗಿಲ್ಲ. 'ಫೀಡ್ರಸ್' ಹಾಗಲ್ಲ, ಅಲ್ಲಿ ಪ್ರೇಮಿಗಳಿಬ್ಬರಿಗೂ ಜೊತೆಯಲ್ಲೇ ರೆಕ್ಕೆ ಬರುತ್ತವೆ.

ಚರ್ಚಿನ ಬಳಿಯ ಬಂಡೆಯ ಮೇಲೆ ಕಾಡು, ಕುರಿಮಂದೆಗಳ ದೇವತೆ ಪಾನ್‌ನ ಉಬ್ಬುಶಿಲ್ಪವಿದೆ, ಗುರುತೇ ಸಿಗದಷ್ಟು ಸವೆದಿದೆ. ಹೊರಡುವ ಮುನ್ನ ಸಾಕ್ರಟೀಸ್ ಪ್ರಾರ್ಥಿಸಿದ್ದು ಇದೇ ಪಾನ್‌ಗೆ: ಒಳಗಿನಿಂದ ನನ್ನನ್ನು ಚೆಲುವನಾಗಿಸು ಎಂದು.

ಮರುದಿನ ಪ್ಲೇಟೋ ಪಾಠ ಹೇಳುತ್ತಿದ್ದ ಅಕಾಡೆಮಿಗೆ ಹೋದೆವು. ಅದೀಗ ಜನವಸತಿಯ ನಡುವಿನ ಉದ್ಯಾನ, ಟಿಕೆಟ್ ಬೇಕಿಲ್ಲ. ಎರಡನೆಯ ಶತಮಾನದ ಪ್ರವಾಸಿ ಪೌಸೇನಿಯಸ್ ಅದರ ಪ್ರವೇಶದ್ವಾರದ ಮುಂದೆ ಪ್ರೇಮದೇವತೆ ಈರೋಸ್‌ನ ಬಲಿಪೀಠವಿತ್ತೆಂದು ಬರೆದಿದ್ದಾನೆ. ಅದು ಪ್ಲೇಟೋಗಿಂತಲೂ ಹಳೆಯದು. ಪಾಠಕ್ಕೆ ಬಂದವರೆಲ್ಲ ಅದರ ಎದುರಿನಿಂದಲೇ ಹಾದುಹೋಗಿರಬೇಕು.