ಚಿತ್ತಾರ ಬರೆದವರ ಹೆಸರು ವರ್ಕ್ ಆರ್ಡರಿನಲ್ಲೇ ಇರಬೇಕು

ನಾನು ಸಾಗರ ತಾಲ್ಲೂಕಿನ ಒಂದು ಸಣ್ಣ ಊರಿನ ಕಲಾಕೇಂದ್ರದಲ್ಲಿ ಸಂಯೋಜಕಿ. ಸುತ್ತಲಿನ ಹಳ್ಳಿಗಳಿಂದ ಪಿಯುಸಿ, ಡಿಗ್ರಿ ಓದುವ ಮಕ್ಕಳು ರಜೆಯ ದಿನಗಳಲ್ಲಿ ಬಂದು, ದೀವರ ಸಮುದಾಯದವರು ಮದುವೆ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರವನ್ನು ಅದೇ ಸಮುದಾಯದ ಹಿರಿಯ ಚಿತ್ತಾರಗಿತ್ತಿಯೊಬ್ಬರ ಬಳಿ ಕಲಿಯುತ್ತಾರೆ. ಹೊರಗಿನಿಂದ ಗೋಡೆ ಕೆಲಸ ಬಂದಾಗ ಅವರಲ್ಲಿ ಕೈ ಕುದುರಿದವರನ್ನೇ ಕಳಿಸುತ್ತೇವೆ. ಬರೆದವರ ಹೆಸರು ಎಲ್ಲಿ ಬರಬೇಕೆಂಬುದು ವರ್ಕ್ ಆರ್ಡರಿನಲ್ಲಿ ಇಲ್ಲದಿದ್ದರೆ ಯಾರನ್ನೂ ಕಳಿಸುವುದಿಲ್ಲವೆಂದು ನಾನು ಈಗ ಪಟ್ಟು ಹಿಡಿಯುವುದಕ್ಕೆ ಒಂದು ರೆಸಾರ್ಟಿನ ರಿಸೆಪ್ಷನ್ ಗೋಡೆ ಕಾರಣ.

ಅಳತೆ, ದರ, ಮುಗಿಸಬೇಕಾದ ದಿನ, ಇಷ್ಟೇ ಆ ಆರ್ಡರಿನಲ್ಲಿತ್ತು. ಗೋಡೆಗೆ ಪುಟ್ಟಿ ಹಚ್ಚಿ ಎಮಲ್ಷನ್ ಹೊಡೆದಿದ್ದರು. ಅದರ ಮೇಲೆ ಕೆಮ್ಮಣ್ಣು ನಿಲ್ಲಲಿಲ್ಲ, ಒಣಗಿದಂತೆಲ್ಲ ಹಕ್ಕಳೆಯಾಗಿ ಉದುರಿತು. ಬಣ್ಣ ಕೆರೆದು ಹೊಸದಾಗಿ ಕೆಮ್ಮಣ್ಣು ಬಳಿದು ಆರಿಸುವಷ್ಟರಲ್ಲಿ ಉದ್ಘಾಟನೆ ಹತ್ತಿರ ಬಂದಿತ್ತು. ಆಮೇಲಿನ ಕೆಲಸ ಮಾತ್ರ ನೋಡುವಂಥದ್ದು. ಅಕ್ಕಿ ನೆನೆಸಿ ಅರೆದ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯಿಂದ ತೆಗೆದ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ನಾವು ಕಳಿಸಿದವರಲ್ಲಿ ಒಬ್ಬ ಹುಡುಗಿ ಎಳೆ ಎಳೆಯುವಾಗ ಮೊಣಕೈಯನ್ನು ಗೋಡೆಗೆ ತಾಗಿಸುತ್ತಿರಲಿಲ್ಲ; ನಾರಿನ ತುದಿ ಒಣಗಿತೆನ್ನುವಾಗ ಗೆರೆಯ ನಡುವೆ ನಿಲ್ಲಿಸದೆ, ಮತ್ತೊಂದು ಗೆರೆ ಅಡ್ಡ ಬರುವ ಜಾಗದವರೆಗೆ ಒಯ್ದು, ಕುಂಚ ಅದ್ದಿಕೊಂಡು ಅಲ್ಲಿಂದಲೇ ಮುಂದುವರಿಸುತ್ತಿದ್ದಳು. ದೂರದಿಂದ ನೋಡಿದರೆ ಆ ಜೋಡಣೆ ಕಾಣುವುದಿಲ್ಲ. ಹದಿನೇಳು ವರ್ಷದವಳು, ದ್ವಿತೀಯ ಪಿಯುಸಿ. ಮುಂದೆ ಮೈಸೂರಿನ ದೃಶ್ಯಕಲಾ ಕಾಲೇಜು ಕಾವಾ ಸೇರಬೇಕೆಂಬ ಆಸೆಯಿದ್ದ ಕಾರಣ, ಈ ಗೋಡೆಯ ಫೋಟೋ ಅವಳಿಗೆ ಹಣಕ್ಕಿಂತ ಮುಖ್ಯವಾಗಿತ್ತು.

ಉದ್ಘಾಟನೆಯ ದಿನ ಬೆಳಿಗ್ಗೆ ಅಲ್ಲಿನ ಮ್ಯಾನೇಜರ್ ಗೋಡೆಯ ಬಲಗಡೆ ಕೆಳಮೂಲೆಯಲ್ಲಿ ಅಂಗೈಯಷ್ಟೂ ಇಲ್ಲದ ಜಾಗದಲ್ಲಿ ಬರೆದಿದ್ದ ಮೂರು ಹೆಸರುಗಳನ್ನು ನೋಡಿದರು. ಇದು ಜನಪದ ಕಲೆ, ಜನಪದಕ್ಕೆ ಹೆಸರಿರುವುದಿಲ್ಲ, ಅತಿಥಿಗಳು ಬರುವ ಮುಂಚೆ ಅಳಿಸಿ ಎಂದರು. ನಾನು ಉತ್ತರಿಸುವ ಮೊದಲೇ ಪೇಂಟರ್ ಕೆಂಪು ಬಣ್ಣದ ಡಬ್ಬ ಹಿಡಿದು ಬಂದಿದ್ದರು. ಕೇಂದ್ರದ ಕಾರ್ಯದರ್ಶಿಗಳಿಗೆ ಫೋನ್ ಮಾಡಿದರೆ, ಮಕ್ಕಳಿಗೆ ಅವಕಾಶ ಸಿಕ್ಕಿದ್ದೇ ದೊಡ್ಡದು, ಬಾಕಿ ಬಿಲ್ಲು ಬರಬೇಕಿದೆ, ಬಿಟ್ಟುಬಿಡಿ ಎಂದರು. ಆರ್ಡರನ್ನು ತೆರೆದು ಓದಿದೆ. ಹೆಸರಿನ ಪ್ರಸ್ತಾಪವೇ ಅದರಲ್ಲಿರಲಿಲ್ಲ. ಮೊದಲ ಭೇಟಿಯಲ್ಲಿ ರೆಸಾರ್ಟಿನವರು "ಹೆಸರು ಹಾಕಿಕೊಳ್ಳಿ, ಅದಕ್ಕೇನು" ಎಂದಿದ್ದ ಬಾಯಿಮಾತೇ ಸಾಕೆಂದುಕೊಂಡಿದ್ದೆವು. ಹುಡುಗಿ ಗಲಾಟೆ ಮಾಡಲಿಲ್ಲ. "ಅಕ್ಕಾ, ಹೆಸರಿಲ್ದೆ ಫೋಟೋ ತೋರ್ಸಿದ್ರೆ ನಾನೇ ಬರ್ದಿದ್ದು ಅಂತ ನಂಬ್ತಾರಾ?" ಎಂದು ಮಾತ್ರ ಕೇಳಿದಳು.

ಮಾತಿಗೆ ದಾರಿ ಮಾಡಿದ್ದು ನಮ್ಮ ಚಿತ್ತಾರಗಿತ್ತಿ ಅಜ್ಜಿ. "ಹೌದು, ನಾವೂ ಹೆಸರು ಬರೀತಿರ್ಲಿಲ್ಲ. ಮದ್ವೆ ಮನೆಗೆ ಬಂದೋರು ಹಸೆಗೋಡೆ ನೋಡಿದ ಕೂಡ್ಲೇ ಇದು ಇಂಥೋಳ ಕೈ ಅಂತ ಹೇಳ್ತಿದ್ರು. ಇಲ್ಲಿಗೆ ಬರೋರಿಗೆ ಈ ಹುಡುಗಿ ಕೈ ಹೆಂಗೆ ಗೊತ್ತಾಗ್ಬೇಕು?" ಎಂದರು. ಜನಪದಕ್ಕೆ ಹೆಸರಿಲ್ಲವೆಂಬ ವಾದಕ್ಕೆ ಇದಕ್ಕಿಂತ ಸರಿಯಾದ ಉತ್ತರವನ್ನು ನಾನು ಕೇಳಿಲ್ಲ. ಊರಿನೊಳಗೆ ಹೆಸರು ಬರೆಯಬೇಕಾಗಿರಲಿಲ್ಲ, ಏಕೆಂದರೆ ಅದು ಎಲ್ಲರ ಬಾಯಲ್ಲೂ ಇತ್ತು. ಊರು ದಾಟಿದ ಕಲೆಯಿಂದ ಹೆಸರನ್ನು ಕಿತ್ತರೆ ಕಲಾವಿದೆಗೆ ಉಳಿಯುವುದು ಆ ದಿನದ ಕೂಲಿ ಮಾತ್ರ. ಮ್ಯಾನೇಜರ್ ಪೂರ್ತಿ ಒಪ್ಪಲಿಲ್ಲ. ಮೂಲೆಯ ಹೆಸರುಗಳ ಮೇಲೆ ಬಣ್ಣ ಬಿತ್ತು. ಪಕ್ಕದ ಕಂಬಕ್ಕೆ ಹೆಸರಿನ ಫಲಕ ಹಾಕುವುದಾಗಿ ನಾನು ಕೊಟ್ಟ ಹಾಳೆಯ ಮೇಲೆ ಬರೆದು ಸಹಿ ಮಾಡಿದರು, ಮತ್ತು ಕೆಲವು ವಾರಗಳ ನಂತರ ಹಾಕಿಸಿದರು. ಆ ಸಹಿಯ ಹಾಳೆಯ ಜೆರಾಕ್ಸನ್ನು ಹುಡುಗಿ ತನ್ನ ಫೈಲಿನಲ್ಲಿ ಇಟ್ಟುಕೊಂಡಿದ್ದಾಳೆ.

ಆಮೇಲೆ ಕಾನೂನನ್ನು ಓದಿದಾಗ ನಮ್ಮ ಆರ್ಡರ್ ಎಷ್ಟು ತೆಳುವಾಗಿತ್ತೆಂದು ಗೊತ್ತಾಯಿತು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ನಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ಬರೆಸಿದ ಚಿತ್ರದ ಹಕ್ಕು ಮೊದಲಿಗೆ ಬರೆಸಿದವರದೇ. ನಾಳೆ ಆ ಚಿತ್ತಾರವನ್ನು ಅವರು ಕ್ಯಾಲೆಂಡರಿಗೆ ಅಚ್ಚು ಹಾಕಿದರೆ ನಾವು ಕೇಳುವುದು ಕಷ್ಟ. ಆದರೆ ಹಕ್ಕು ಬೇರೆಯವರ ಕೈಸೇರಿದ ಮೇಲೂ ಇದು ನನ್ನ ಕೃತಿಯೆಂದು ಹೇಳಿಕೊಳ್ಳುವ ಅಧಿಕಾರವನ್ನು 57ನೇ ಸೆಕ್ಷನ್ ಬರೆದವರಲ್ಲೇ ಉಳಿಸುತ್ತದೆ. ಅಂದು ಬೆಳಿಗ್ಗೆ ಇದು ನನ್ನ ಕೈಯಲ್ಲಿದ್ದಿದ್ದರೆ ಮಾತಿನ ಧಾಟಿಯೇ ಬೇರೆಯಿರುತ್ತಿತ್ತು. ಹದಿನೆಂಟು ತುಂಬದವರು ಮಾಡಿಕೊಂಡ ಕರಾರು ಕಾನೂನಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ ಈಗ ಅಂಥ ಮಕ್ಕಳ ಪರವಾಗಿ ಕೇಂದ್ರವೇ ಕರಾರಿಗೆ ಸಹಿ ಮಾಡುತ್ತದೆ, ಪೋಷಕರ ಒಪ್ಪಿಗೆ ಪತ್ರ ಜೊತೆಗಿರುತ್ತದೆ. ಗೋಡೆಯನ್ನು ಸಿದ್ಧಮಾಡಿಕೊಡುವ ಹೊಣೆ ಬರೆಸುವವರದು. ಅರ್ಧ ಹಣ ಮುಂಗಡ ಬಾರದೆ ಕೆಮ್ಮಣ್ಣು ಕಲಸುವುದಿಲ್ಲ.

ಆಡಳಿತ ಮಂಡಳಿಯ ಕೆಲವರಿಗೆ ಇದೆಲ್ಲ ವ್ಯಾಪಾರದಂತೆ ಕಾಣುತ್ತದೆ. ಪ್ರೋತ್ಸಾಹ, ವೇದಿಕೆ, ಪ್ರಚಾರ ಎಂಬ ಮಾತುಗಳು ನಮ್ಮ ವಾರ್ಷಿಕ ವರದಿಯ ಪ್ರತಿ ಪುಟದಲ್ಲೂ ಇವೆ. ಮಕ್ಕಳಿಗೆ ಎಷ್ಟು ಸಂಭಾವನೆ ಸಂದಾಯವಾಯಿತೆಂಬ ಕಾಲಮ್ಮೇ ಇಲ್ಲ. ಇದೇ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಮ್, ಊರೂರು ಸುತ್ತಿ ನಾಟಕವಾಡುವ ತಿರುಗಾಟವನ್ನು 1985ರಲ್ಲಿ ಶುರುಮಾಡಿದಾಗ ಕಟ್ಟಿದ್ದು ವೃತ್ತಿಪರ ನಟರ ತಂಡವನ್ನು. ಹಳ್ಳಿಯಲ್ಲಿ ಕಲೆ ಎಂದರೆ ಬಿಡುವಿನ ಹವ್ಯಾಸ ಮಾತ್ರವಲ್ಲ, ಅದು ದುಡಿಮೆಯೂ ಆಗಬಲ್ಲದೆಂಬ ಉದಾಹರಣೆ ಇಷ್ಟು ಹತ್ತಿರದಲ್ಲೇ ಇದ್ದು, ನಮ್ಮ ವರದಿಗೆ ಅದರ ಗಾಳಿ ಸೋಕಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಮುಂದಿನ ಸಭೆಯ ಅಜೆಂಡಾದಲ್ಲಿ ಆ ಕಾಲಮ್ ಸೇರಿಸುವ ವಿಷಯವನ್ನು ಇಟ್ಟಿದ್ದೇನೆ. ಕಾರ್ಯದರ್ಶಿಗಳು ಅದನ್ನು "ಇತರೆ ವಿಷಯಗಳು" ಎಂಬುದರ ಕೆಳಗೆ ಹಾಕಿದ್ದಾರೆ. ಮೇಲಕ್ಕೆ ತರುವಂತೆ ಲಿಖಿತವಾಗಿ ಕೇಳಿದ್ದೇನೆ.