ರಾಜನ ಮುಖ ಪೇರ್ ಹಣ್ಣಾದದ್ದು

ಚಿತ್ರಸಂತೆಯಲ್ಲಿ ಕೂತು ಕ್ಯಾರಿಕೇಚರ್ (ಮುಖದ ಗುರುತನ್ನು ಉಬ್ಬಿಸಿ ಬರೆಯುವ ತಮಾಷೆ ಚಿತ್ರ) ಬರೆದುಕೊಡುವಾಗ ಜಾಸ್ತಿ ಕಿವಿಗೆ ಬೀಳುವ ಮಾತು, "ಸಾರ್, ಮೂಗು ಸ್ವಲ್ಪ ಚಿಕ್ಕದು ಮಾಡಿ." ಎಲ್ಲರಿಗೂ ಮೂಗಿನದೇ ಚಿಂತೆ. ನಾನು ಮೊದಲು ನೋಡುವುದು ಹೊರಗೆರೆಯನ್ನು. ಹಣೆ ಅಗಲವೋ, ದವಡೆ ಅಗಲವೋ? ಅದು ಸಿಕ್ಕಿದರೆ ಮೂಗು ಎಷ್ಟಿದ್ದರೂ ಆಳು ಸಿಕ್ಕಿದ ಹಾಗೆ.

ಇದನ್ನು ನನಗೆ ಮನದಟ್ಟು ಮಾಡಿಸಿದವನು ಶಾರ್ಲ್ ಫಿಲಿಪೋನ್, ಪ್ಯಾರಿಸ್ಸಿನ ಪತ್ರಿಕೆಯವನು. 1830ರಲ್ಲಿ ಲೂಯಿ ಫಿಲಿಪ್ ಫ್ರಾನ್ಸಿನ ರಾಜನಾದ. ದಪ್ಪ ದವಡೆ, ಮೇಲೆ ಹೋದಂತೆ ಕಿರಿದಾಗುವ ತಲೆ, ನೆತ್ತಿಯಲ್ಲೊಂದು ಕೂದಲಿನ ಜುಟ್ಟು. ಅವನನ್ನು ಗೇಲಿ ಮಾಡಿ ಚಿತ್ರ ಅಚ್ಚು ಹಾಕಿದ್ದಕ್ಕೆ 1831ರ ನವೆಂಬರಿನಲ್ಲಿ ಫಿಲಿಪೋನ್ ಕೋರ್ಟಿಗೆ ಹೋಗಬೇಕಾಯಿತು. ಅಲ್ಲೇ ನಾಲ್ಕು ಚಿತ್ರ ಬರೆದು ತೋರಿಸಿದ. ಮೊದಲನೆಯದು ರಾಜನೇ. ಎರಡನೆಯದರಲ್ಲಿ ಕೆನ್ನೆ ಇಳಿಬಿದ್ದಿದೆ. ಮೂರನೆಯದರಲ್ಲಿ ಕಣ್ಣು, ಬಾಯಿ ಬರೀ ಗೀಟು. ನಾಲ್ಕನೆಯದು ಸುಮ್ನೆ ಒಂದು ಪೇರ್ ಹಣ್ಣು, ಮೇಲೆ ಕಿರಿದು, ಕೆಳಗೆ ದಪ್ಪ. ಹೋಲಿಕೆಯೇ ಅಪರಾಧ ಆದರೆ ಹಣ್ಣಿಗೂ ಶಿಕ್ಷೆ ಕೊಡಬೇಕಾಗುತ್ತದೆ ಅಲ್ವಾ, ಅನ್ನುವುದು ಅವನ ವಾದ.

ವಾದ ಗೆಲ್ಲಲಿಲ್ಲ, ಜೈಲಾಯಿತು. ಆದರೆ ಹಣ್ಣು ಮಾತ್ರ ಪ್ಯಾರಿಸ್ಸಿನ ಗೋಡೆಗೋಡೆಗೂ ಹತ್ತಿತು. ಪೋಲಿ ಹುಡುಗರಿಗೂ ಬರೆಯಲು ಬರುವಂಥ ಚಿತ್ರ, ಇನ್ನೇನು ಬೇಕು! 1834ರಲ್ಲಿ ಇವನದೇ 'ಲ ಶಾರಿವಾರಿ' ಪತ್ರಿಕೆ ತನ್ನ ವಿರುದ್ಧದ ತೀರ್ಪನ್ನು ಛಾಪಿಸಬೇಕಾಗಿ ಬಂತು. ಛಾಪಿಸಿತು, ಅಕ್ಷರಗಳನ್ನೆಲ್ಲ ಪೇರ್ ಹಣ್ಣಿನ ಆಕಾರದಲ್ಲಿ ಜೋಡಿಸಿ. ಈ ಕಿಲಾಡಿತನ ನನಗೆ ಕೋರ್ಟಿನ ಚಿತ್ರಗಳಿಗಿಂತ ಇಷ್ಟ.

1835ರ ಕಾನೂನು ಬಂದಮೇಲೆ ಚಿತ್ರಗಳಿಗೆ ಮುಂಚಿತವಾಗಿ ಅನುಮತಿ ಬೇಕಾಯಿತು. ಬರಹಕ್ಕೆ ಆ ಕಟ್ಟು ಇರಲಿಲ್ಲ. ಓದಲು ಬಾರದವನೂ ಚಿತ್ರ ನೋಡಿ ನಗುತ್ತಾನೆ, ಸರ್ಕಾರಕ್ಕೆ ಆ ಭಯ.

ಫಿಲಿಪೋನ್ ಬಳಗದಲ್ಲೇ ಇದ್ದ ಚಿತ್ರಕಾರ ಒನೊರೆ ದೋಮಿಯೆಗೂ ರಾಜನನ್ನು ಹೊಟ್ಟೆಬಾಕನಾಗಿ ಬರೆದದ್ದಕ್ಕೆ ಆರು ತಿಂಗಳ ಜೈಲಾಗಿತ್ತು. ಅವನ ಕೆಲಸದ ರೀತಿ ಇನ್ನೂ ಮಜಾ. ಸಂಸತ್ತಿನವರ ತಲೆಗಳನ್ನು ಮಣ್ಣಿನಲ್ಲಿ ಮಾಡಿ, ಬಣ್ಣ ಹಚ್ಚಿ ಇಟ್ಟುಕೊಳ್ಳುತ್ತಿದ್ದ. ಗೇಣುದ್ದವೂ ಇಲ್ಲದ ಆ ತಲೆಗಳಲ್ಲಿ 36 ಈಗ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಮ್ಮಿನಲ್ಲಿವೆ. ನಾನೂ ನೋಡೋಣ ಅಂತ ಚಪಾತಿ ಹಿಟ್ಟಿನಲ್ಲಿ ನಮ್ಮ ಸೋದರಮಾವನ ದವಡೆ ತಿದ್ದಿದೆ. ಸೈಡಿನಿಂದ ನೋಡಿದಾಗ ಗೊತ್ತಾಯಿತು, ಅವರ ಗುರುತು ಇರುವುದು ದವಡೆಯಲ್ಲಲ್ಲ, ಕತ್ತಿನ ಹಿಂದಿನ ಮಡಿಕೆಯಲ್ಲಿ. ಅತ್ತೆ ನೋಡಿದವರೇ ಗುರುತು ಹಿಡಿದರು. ಮಾವ ಒಪ್ಪುತ್ತಿಲ್ಲ.